ನೂರ ಮೂವತ್ತರ ಮೇಲಿನ ಎಂಟು

ಎರಕದ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನನ್ನ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ನರ್ಸ್. ನಾನು ಅಲ್ಲಿಯೇ ಹಾಜರಿ ವಿಭಾಗದಲ್ಲಿದ್ದೇನೆ; ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಕಣ್ಣಾರೆ ಕಂಡದ್ದು.

ಕೋಣೆಗೆ ಒಂದೇ ಕಿಟಕಿ. ಮೇಜಿನ ಮೇಲೆ ಪಾದರಸದ ಬಿಪಿ ಯಂತ್ರ. ತೋಳಿಗೆ ಸುತ್ತುವ ಪಟ್ಟಿಯ ಅಂಚನ್ನು ಅಕ್ಕ ಎರಡು ಬಾರಿ ಹೊಲಿದಿದ್ದಾಳೆ. ವರ್ಷಕ್ಕೊಮ್ಮೆ ಎಲ್ಲರ ತಪಾಸಣೆ. ಪಾದರಸ ನೂರ ಇಪ್ಪತ್ತಾರರಲ್ಲಿ ನಿಂತರೂ ಅವಳು ಪುಸ್ತಕದಲ್ಲಿ ಬರೆಯುತ್ತಿದ್ದುದು ನೂರ ಇಪ್ಪತ್ತು. ಕೊನೆಯ ಅಂಕಿ ಯಾವಾಗಲೂ ಸೊನ್ನೆ. ಕೆಲಸ ಕಲಿಸಿದ ಹಿರಿಯ ನರ್ಸ್‌ ಅವರಿಂದ ಬಂದ ರೂಢಿ ಅದು. ನೂರ ನಲವತ್ತು ಮುಟ್ಟದವನು ಆರೋಗ್ಯವಂತನೆಂದೇ ಲೆಕ್ಕ. ನಡುವಿನ ಅಂಕಿಗಳನ್ನು ಯಾರೂ ಕೇಳುತ್ತಿರಲಿಲ್ಲ.

ಭಾವ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಅವರ ಸರದಿ ಬಂದಾಗ ಸಾಲಿಗೆ ಸಾಲೇ ಕಿವಿ ನೆಟ್ಟಗೆ ಮಾಡುತ್ತಿತ್ತು.

“ನಿನ್ನೆದುರು ಕೂತ್ರೆ ಯಾರ ಬಿಪಿ ತಾನೇ ಏರಲ್ಲ ಹೇಳು?”

“ಬಾಯ್ಮುಚ್ಕೊಂಡು ಕೂತ್ಕೊಳ್ರೀ. ಮಾತಾಡಿದ್ರೂ ಏರತ್ತೆ.”

“ಎಷ್ಟಿದೆ?”

“ನೂರ ಮೂವತ್ತು, ಎಂಬತ್ತು. ಏಳಿ, ಹಿಂದಿನವ್ರು ಕಾಯ್ತಿದ್ದಾರೆ.”

ಆ ಸಲ ಪಾದರಸ ತೋರಿಸಿದ್ದು ನೂರ ಮೂವತ್ತೆಂಟು, ಎಂಬತ್ತೆಂಟು. ಅಕ್ಕನ ಮಾತು ನಂಬಿದ ಭಾವ, ‘ನಂಗೇನಾಗಿದೆ’ ಎನ್ನುತ್ತ ಮುಂದಿನ ಮೂರು ವರ್ಷ ತಪಾಸಣೆ ತಪ್ಪಿಸಿದರು. ನಾಲ್ಕನೆಯ ವರ್ಷ, ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಹಾಗೆಯೇ ಕುಸಿದರು. ಮಿದುಳಿನಲ್ಲಿ ರಕ್ತಸ್ರಾವ. ವಯಸ್ಸು ಐವತ್ತೊಂದು. ಅದಾದ ಮೇಲೂ ಅಕ್ಕನ ಕೈ ಸೊನ್ನೆಯನ್ನೇ ಬರೆಯಿತು. ಆ ಸೊನ್ನೆಯನ್ನೂ ಭಾವನ ಸಾವನ್ನೂ ಅವಳು ಸೇರಿಸಿ ನೋಡಿರಲಿಲ್ಲ.

ಕಳೆದ ಮಾರ್ಚ್‌ನಲ್ಲಿ ಹೊಸ ಡಾಕ್ಟರಮ್ಮ ಒಂದು ಹಾಳೆ ತಂದರು. ಇಂದು ಬಿಪಿ ಇಲ್ಲದವರಲ್ಲಿ ನಾಲ್ಕು ವರ್ಷದೊಳಗೆ ಯಾರಿಗೆ ಬರುವ ಸಂಭವ ಹೆಚ್ಚು ಎಂಬುದನ್ನು ಅದರಿಂದ ಅಂದಾಜು ಮಾಡಬಹುದಂತೆ. ವಯಸ್ಸು, ತೂಕ, ಸಿಗರೇಟು, ಹೆತ್ತವರಿಗೆ ಬಿಪಿ ಇತ್ತೇ ಎಂಬುದು. ಎಲ್ಲಕ್ಕಿಂತ ಮುಖ್ಯವಾಗಿ ಈಗಿನ ಅಂಕಿ.

“ನೂರ ಮೂವತ್ತಕ್ಕೂ ನೂರ ಮೂವತ್ತೆಂಟಕ್ಕೂ ತುಂಬಾ ವ್ಯತ್ಯಾಸ ಸಿಸ್ಟರ್. ನಿಮ್ಮ ಪುಸ್ತಕಗಳಿವೆಯಲ್ಲ, ಅದ್ರಿಂದ್ಲೇ ಅಪಾಯ ಇರೋರ ಪಟ್ಟಿ ಮಾಡ್ಬಿಡೋಣ.”

ಅಕ್ಕ ಒಂದು ದಿನ ಕಾಲಾವಕಾಶ ಕೇಳಿದಳು. ಆ ಸಂಜೆ ಮನೆಯಲ್ಲಿ ಭಾವನ ಹೆಸರಿನಲ್ಲಿ ಎರಡು ಹಾಳೆ ತುಂಬಿದಳು: ಒಂದಕ್ಕೆ ಬರೆದ ಅಂಕಿ, ಇನ್ನೊಂದಕ್ಕೆ ಕಂಡ ಅಂಕಿ. ಮೊದಲನೆಯದರಲ್ಲಿ ಅವರು ಪಟ್ಟಿಗೆ ಸೇರಲಿಲ್ಲ. ಎರಡನೆಯದರಲ್ಲಿ ಸೇರಿದರು.

“ಸುಮ್ನಿದ್ಬಿಡು ಅಕ್ಕ,” ಎಂದೆ. ಹಾಗೆ ಹೇಳಿದ್ದು ನಾನೇ. “ಯಾರಿಗೂ ಗೊತ್ತಾಗಲ್ಲ.”

“ಸುಮ್ನಿದ್ರೆ ಸುಳ್ಳು ಪಟ್ಟಿ ಆಗತ್ತಲ್ಲೋ. ಎಚ್ಚರಿಸ್ಬೇಕಾದೋರೇ ಬಿಟ್ಟೋಗ್ತಾರೆ.” ಎರಡೂ ಹಾಳೆಗಳನ್ನು ಮಡಚುತ್ತ ತಗ್ಗಿದ ದನಿಯಲ್ಲಿ, “ನಿಮ್ ಭಾವ ಬೆಳಗಿಂದ ಕಿವೀಲಿ ಕೇಳ್ತಾನೇ ಇದ್ದಾರೆ ಕಣೋ, ಎಷ್ಟಿದೆ ಅಂತ,” ಎಂದಳು.

ಮರುದಿನ ಅವಳು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿದರು.

“ನಿಜವಾದ ಅಂಕಿ ಯಾರ್ಯಾರದ್ದು ನೆನಪಿದೆ?”

“ಒಬ್ರದ್ದು. ಅವ್ರೀಗ ಇಲ್ಲ.”

ಪುಸ್ತಕದಲ್ಲಿರುವ ಪ್ರತಿಯೊಬ್ಬರನ್ನೂ ಕರೆಸಿ ಮತ್ತೆ ಅಳೆಯುವುದೆಂದು ತೀರ್ಮಾನವಾಯಿತು. ಈಗ ಅಕ್ಕ ಪ್ರತಿಯೊಬ್ಬರನ್ನೂ ಐದು ನಿಮಿಷ ಕೂರಿಸಿ ಎರಡೆರಡು ಸಲ ನೋಡುತ್ತಾಳೆ.

“ಏನ್ ಸಿಸ್ಟರಮ್ಮ, ತೋಳು ನಿಮ್ಮತ್ರಾನೇ ಇಟ್ಕೊಂಬಿಡ್ತೀರಾ?” ಎಂದು ಕುಲುಮೆಯವನು ಕೇಳಿದ. ಅವಳು ನಗಲಿಲ್ಲ, ನೂರ ಮೂವತ್ತಾರು ಎಂದು ಬರೆದು ಅವನಿಗೂ ತೋರಿಸಿದಳು.

ಕರೆಯುವುದು ಟಿಕೆಟ್ ಸಂಖ್ಯೆಯ, ಅಂದರೆ ಹಾಜರಿಯಲ್ಲಿ ಒಬ್ಬೊಬ್ಬ ಕೆಲಸಗಾರನಿಗೂ ಕೊಟ್ಟಿರುವ ಸಂಖ್ಯೆಯ, ಕ್ರಮದಲ್ಲಿ. ತೀರಿಕೊಂಡವರ ಸಂಖ್ಯೆಗಳಿಗೆ ನಾನು ಪೆನ್ಸಿಲ್ ಗೆರೆ ಎಳೆದುಕೊಟ್ಟಿದ್ದೆ. ಅಕ್ಕ ಅವನ್ನೂ ಕೂಗುತ್ತಾಳೆ. ಕೂಗಿ, ಒಬ್ಬ ಮನುಷ್ಯ ಒಳಗೆ ಬಂದು ಅಂಗಿಯ ತೋಳು ಮಡಚಿ ಕೂರುವಷ್ಟು ಹೊತ್ತು, ಖಾಲಿ ಕುರ್ಚಿಯ ಮುಂದೆ ಬಿಪಿ ಯಂತ್ರದ ಪಟ್ಟಿ ಹಿಡಿದು ಕಾಯುತ್ತಾಳೆ. ಸಾಲಿನಲ್ಲಿರುವವರು ಯಾರೂ ಅವಸರ ಮಾಡುವುದಿಲ್ಲ.

ಭಾವನ ಸಂಖ್ಯೆ ಮುನ್ನೂರ ಆರು. ಇಂದಿಗೆ ಇನ್ನೂರ ತೊಂಬತ್ತರವರೆಗೆ ಮುಗಿದಿದೆ.