ತಂಗಿಯ ತಲೆಯೊಳಗಿನ ಬಿಳಿ ಗೆರೆಗಳು

ಚನ್ನಗಿರಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಅವತ್ತು ಬೆಳಿಗ್ಗೆ ಅವ್ವ ಫೋನ್ ಮಾಡಿ, "ನಿನ್ ತಂಗಿ ಏನೇನೋ ಮಾತಾಡ್ತಾಳೆ, ಜಲ್ದಿ ಬಾ" ಅಂದಳು. ಯಾರದೋ ಮದುವೆಯ ಬ್ಲೌಸನ್ನು ಮಿಷನ್ ಮೇಲೇ ಬಿಟ್ಟು ಬಸ್ಸು ಹತ್ತಿದೆ.

ತಂಗಿ ಬಾಣಂತನಕ್ಕೆ ತವರಿಗೆ, ನ್ಯಾಮತಿ ಕಡೆಯ ಗೋವಿನಕೋವಿಗೆ ಬಂದಿದ್ದಳು. ಬಾಣಂತನ ಮಾಡಲು ಜಗಳೂರಿನಿಂದ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಬಂದಿದ್ದಳು. ನನ್ನನ್ನೂ ತಂಗಿಯನ್ನೂ ಎರೆದು ಬೆಳೆಸಿದ ಕೈ ಅದು, ಎದುರು ಮಾತಾಡುವವರಿಲ್ಲ. ಕೋಣೆಯಲ್ಲಿ ಒಂದು ಬಾಂಡ್ಲಿ ತುಂಬ ಇದ್ದಿಲ ಕೆಂಡ, ಅದರ ಮೇಲೆ ಲೋಬಾನ. ಕಿಟಕಿ ಮುಚ್ಚಿ ಸಂದಿಗೆಲ್ಲ ಬಟ್ಟೆ ತುರುಕಿದ್ದಳು. ಹಳೇ ಹಂಚಿನ ಮನೆಯಲ್ಲೂ ಹೀಗೇ ಮಾಡುತ್ತಿದ್ದಳಂತೆ. ಈಗಿನದು ಆರ್‌ಸಿಸಿ ಮನೆ, ಗಾಜಿನ ಕಿಟಕಿ. ದೊಡ್ಡವ್ವನಿಗೆ ಅದರಿಂದ ಖುಷಿಯೇ ಆಗಿತ್ತು, ಶಾಖ ಒಂಚೂರೂ ಹೊರಗೆ ಹೋಗುವುದಿಲ್ಲ ಅಂತ.

ನಾನು ಒಳಗೆ ಹೋದಾಗ ತಂಗಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಲೇ ಇಲ್ಲ. ಅವಳ ಕಣ್ಣು ಕೂಸಿನ ತಲೆದೆಸೆಯಲ್ಲಿತ್ತು.

"ಅಕ್ಕ, ಅವಳನ್ನ ಆಚೆ ಕಳ್ಸು."

"ಯಾರನ್ನೇ?"

"ಅಲ್ಲಿ ನಿಂತಾಳಲ್ಲ. ಬಗ್ಗಿ ಬಗ್ಗಿ ನೋಡ್ತಾಳೆ. ಕೂಸಿನ ಬಾಯಿಂದ ಏನೋ ಎಳ್ಕೊಂತಾಳೆ."

ಅಲ್ಲಿ ಯಾರೂ ಇರಲಿಲ್ಲ. ನಾನು ದೆವ್ವಕ್ಕೆಲ್ಲ ಹೆದರುವವಳಲ್ಲ, ಆದರೂ ಆ ಮೂಲೆಗೆ ಬೆನ್ನು ಹಾಕಿ ಕೂರಲು ಧೈರ್ಯ ಬರಲಿಲ್ಲ. ಅವಳು ತಲೆ ಹಿಡಿದುಕೊಂಡು ವಾಂತಿ ಮಾಡಿದಳು. ದೊಡ್ಡವ್ವ, "ಬಾಣಂತಿ ಸನ್ನಿ, ನಾ ಎಷ್ಟ್ ನೋಡಿಲ್ಲ" ಅಂದಳು. ನನಗೆ ಪಿತ್ತ ನೆತ್ತಿಗೇರಿತು. "ನೀ ನೋಡಿದ್ದು ಸಾಕು, ದಾವಣಗೆರೆಗೆ ಕರ್ಕೊಂಡ್ ಹೋಗ್ತೀನಿ" ಅಂತ ಆಂಬುಲೆನ್ಸ್ ಕರೆಸಿದೆ. ಕೂಸನ್ನು ಮಾತ್ರ ದೊಡ್ಡವ್ವ ಕೊಡಲಿಲ್ಲ. ಹೆಸರಿಡುವ ಮುಂಚೆ ಕೂಸು ಹೊಳೆ ದಾಟಬಾರದಂತೆ. ಒಳಲೆಯಲ್ಲಿ ಹಾಲು ಕುಡಿಸುತ್ತೇನೆ, ಹೋಗಿಬರ್ರಿ ಅಂದಳು. ತಂಗಿ ಗಾಡಿ ಹತ್ತುವಾಗಲೂ, "ಕೂಸಿನ ಹತ್ರ ಅವಳೊಬ್ಬಳೇ ಅದಾಳೆ" ಅಂತ ಕೂಗಾಡಿದಳು. ದೊಡ್ಡವ್ವನನ್ನೇ ಅನ್ನುತ್ತಿದ್ದಾಳೆ ಅಂದುಕೊಂಡು ಅವ್ವ ಅವಳ ಬಾಯಿ ಮುಚ್ಚಿದಳು.

ಕೊರೊನಾ ಬಂದು ಹೋದಮೇಲೆ ನಮ್ಮ ಊರುಗಳಲ್ಲಿ ಆಕ್ಸಿಜನ್ ಅಂದರೆ ತೀರ್ಥ. ಮೊದಲೆಲ್ಲ ಏನೇ ಆದರೂ ಗ್ಲೂಕೋಸ್ ಏರಿಸ್ರಿ ಅನ್ನುತ್ತಿದ್ದವರು ಈಗ ಆಕ್ಸಿಜನ್ ಹಾಕ್ರಿ ಅನ್ನುತ್ತಾರೆ. ಹಾಕದಿದ್ದರೆ ಡಾಕ್ಟರಿಗೇ ಏನೂ ಬರುವುದಿಲ್ಲ ಅಂತ ಲೆಕ್ಕ. ಅವ್ವ ಗಾಡಿಯವನ ಹತ್ತಿರ ಜಗಳ ಮಾಡಿ ಮಾಸ್ಕ್ ಹಾಕಿಸಿ, "ಫುಲ್ ಬಿಡಪ್ಪ, ಯಾಕೆ ಕಂಜೂಸಿ ಮಾಡ್ತೀಯ" ಅಂದಳು. ಹೊನ್ನಾಳಿ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಹೊಳೆಗೆ ನಿಂಬೆಹಣ್ಣನ್ನೂ ಎಸೆದಳು. ಸೇತುವೆ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ತಂಗಿ ನನ್ನ ಮುಖ ನೋಡಿ, "ಅಕ್ಕ, ನೀನ್ ಯಾವಾಗ ಬಂದೆ?" ಅಂದಳು. ಅವ್ವ ನಿಂಬೆಹಣ್ಣಿಗೆ ಕೈ ಮುಗಿದಳು. ನಾನು ಬೈಯಲಿಲ್ಲ, ನನಗೂ ಏನೂ ತಿಳಿಯುತ್ತಿರಲಿಲ್ಲ.

ದಾವಣಗೆರೆ ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡುವಾಗಲೂ ಅವ್ವ ಮಾಸ್ಕ್ ತೆಗೆಯಲು ಬಿಡಲಿಲ್ಲ. ಉದ್ದ ಪೈಪು ಹಾಕಿ ಹಾಗೇ ಒಳಗೆ ಮಲಗಿಸಿದರು. ಆಮೇಲೆ ಡಾಕ್ಟರು ನಮ್ಮಿಬ್ಬರನ್ನು ಕರೆದು ಚಿತ್ರ ತೋರಿಸಿದರು. ಮೆದುಳಿನ ಮಡಿಕೆ ಮಡಿಕೆಯಲ್ಲೂ ಬಿಳಿ ದಾರ ಓಡಿಸಿದ ಹಾಗಿತ್ತು. ಅಲ್ಲಿರುವುದು ಬರೀ ನೀರು, ಈ ಚಿತ್ರದಲ್ಲಿ ಕಪ್ಪಗೆ ಕಾಣಬೇಕು, ರಕ್ತವೋ ಕೀವೋ ಸೇರಿದರೆ ಹೀಗೆ ಬೆಳ್ಳಗಾಗುತ್ತದೆ ಅಂದರು. ಅವ್ವ ನೆಲಕ್ಕೆ ಕುಸಿದಳು. ಹಾಲು ಕುಡಿಯುವ ಕೂಸಿಗೆ ಏನಂತ ಹೇಳುವುದು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಡಾಕ್ಟರು ಗಾಜಿನಾಚೆ ಮಲಗಿದ್ದ ತಂಗಿಯನ್ನೇ ನೋಡುತ್ತಾ ನಿಂತರು. "ಮಾಸ್ಕ್ ಯಾವಾಗಿನಿಂದ ಇದೆ?" ಅಂತ ಕೇಳಿದರು. ಅವ್ವ, "ಊರಿಂದ್ಲೂ ಐತ್ರಿ, ಫುಲ್ ಬಿಡ್ಸೀನ್ರಿ" ಅಂದಳು. ಅವರು ಮಾಸ್ಕ್ ತೆಗೆಸಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಅದೇ ಚಿತ್ರ ತೆಗೆದರು. ಬಿಳಿ ದಾರವೆಲ್ಲ ಹೋಗಿತ್ತು. ಮಡಿಕೆಗಳು ಕಪ್ಪಗೆ, ಸುಮ್ಮನೆ ಇದ್ದವು. ಹೆಚ್ಚು ಆಕ್ಸಿಜನ್ ಉಸಿರಾಡಿದರೆ ಅದು ಆ ನೀರಿಗೂ ಸೇರುತ್ತದೆ, ಸ್ಕ್ಯಾನಿನಲ್ಲಿ ರಕ್ತದ ಹಾಗೆಯೇ ಬೆಳ್ಳಗೆ ಕಾಣುತ್ತದೆ ಅಂದರು. ಮೂಗಿನಿಂದ ಒಳಗೆ ಹೋದದ್ದು ತಲೆಯೊಳಗೆ ಹೋಗಿ ಗೆರೆ ಎಳೆದು, ತೆಗೆದ ಕೂಡಲೇ ಅಳಿಸಿಕೊಂಡು ಹೋಗಿತ್ತು.

ಅವ್ವ ಎದ್ದು ಕಣ್ಣೊರೆಸಿಕೊಂಡಳು. ಡಾಕ್ಟರು ಮಾತ್ರ ನಗಲಿಲ್ಲ. ಮೆದುಳಿನ ನಡುವೆ, ಎಡಕ್ಕೊಂದು ಬಲಕ್ಕೊಂದು, ಚಿಕ್ಕ ಬಿಳಿ ಮಚ್ಚೆ. ಅವು ಎರಡು ಚಿತ್ರದಲ್ಲೂ ಇದ್ದವು.

"ಇವು ಹೋಗಿಲ್ಲ. ಮನೆಯಲ್ಲಿ ಕೆಂಡ ಇಡ್ತೀರೇನ್ರಿ? ಬಾಗಿಲು ಮುಚ್ಚಿ?"

ಅವ್ವ ಹೌದೆಂದಳು. ಕೆಂಡದಿಂದ ವಾಸನೆಯೇ ಇಲ್ಲದ ವಿಷದ ಗಾಳಿ ಬರುತ್ತದೆ, ಅದು ಕೋಣೆಯಲ್ಲಿ ತುಂಬಿಕೊಂಡು ಹೀಗೆ ಮಾಡುತ್ತದೆ, ಮಾಸ್ಕ್ ಹಾಕಿದ್ದೇ ಇವಳಿಗೆ ಒಳ್ಳೆಯದಾಯಿತು ಅಂತ ಹೇಳಿ, ಸ್ಟ್ರೆಚರ್ ಮೇಲೆ ಹೊರಗೆ ತಂದ ತಂಗಿಗೆ ಮತ್ತೆ ಮಾಸ್ಕ್ ಹಾಕಿಸುತ್ತಾ ಕೇಳಿದರು: "ಆ ಕೋಣೆಯಲ್ಲಿ ಬೇರೆ ಯಾರಿದ್ದಾರೆ?"

ನಾನು ಫೋನ್ ತೆಗೆದು ದೊಡ್ಡವ್ವನಿಗೆ ಮಾಡಿದೆ. ರಿಂಗಾಯಿತು, ಕಟ್ಟಾಯಿತು. ಮತ್ತೆ ಮಾಡಿದೆ. ಕೊನೆಗೆ ದೊಡ್ಡವ್ವ ಎತ್ತಿದಳು. ನಾಲಿಗೆ ತೊದಲುತ್ತಿತ್ತು.

"ಕೂಸಾ? ಮಲಗೈತೆ ಕಣವ್ವ. ನೀವ್ ಹೋದಾಗಿಂದ ಒಂದ್ ಸಲನೂ ಅತ್ತಿಲ್ಲ. ಹಾಲು ಕುಡ್ಸಾಕೆ ಎಬ್ಬಿಸಿದ್ರೂ ಏಳವಲ್ದು." ಆಮೇಲೆ, "ಇಲ್ಲಿ ಯಾರೋ ಬಂದು ನಿಂತಾರೆ. ನಿಮ್ ಊರೋರೇ ಏನೋ ನೋಡು" ಅಂದಳು.

ನಾನು ಕಿರುಚಿದೆ. ಬಾಗಿಲು ತೆಗಿ, ಕೂಸು ಎತ್ಕೋ, ಅಂಗಳಕ್ಕೆ ಓಡು ಅಂತ ಅದನ್ನೇ ಕಿರುಚಿದೆ. ಆ ಕಡೆ ದೊಡ್ಡವ್ವನ ಕೈಯಿಂದ ಫೋನ್ ಕೆಳಗೆ ಬಿತ್ತು. ಚಿಲಕದ ಸದ್ದು ಕೇಳಿತು, ಏನೋ ಉರುಳಿತು, ಆಮೇಲೆ ಏನೂ ಇಲ್ಲ. ತಂಗಿ ಸ್ಟ್ರೆಚರ್ ಮೇಲೆ ಎದ್ದು ಕೂತು ನನ್ನ ಕೈಯಿಂದ ಫೋನ್ ಕಸಿದು, ಸ್ಪೀಕರ್ ಹಾಕಿ ಕಿವಿಗೆ ಒತ್ತಿಕೊಂಡಳು. ಅವ್ವ ಏನೋ ಹೇಳಲು ಬಂದರೆ ಕೈ ಎತ್ತಿ ತಡೆದಳು.

ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ, ಅಂಗಳದ ಕಡೆಯಿಂದ, ಸಣ್ಣಗೆ ಅಳು ಕೇಳಿತು. ಸಣ್ಣಗೆ ಶುರುವಾದದ್ದು ಜೋರಾಯಿತು. ದೊಡ್ಡವ್ವ ರೂಢಿಯಂತೆ ಶ್ ಶ್ ಅಂತ ಸಮಾಧಾನ ಮಾಡತೊಡಗಿದಳು.

ತಂಗಿ ಮಾಸ್ಕಿನೊಳಗಿಂದಲೇ ಕೂಗಿದಳು. "ಸುಮ್ನಿರಿಸಬ್ಯಾಡ ದೊಡ್ಡವ್ವ. ಅಳ್ಲಿ ಬಿಡು."