ಕೈ ಕೊಟ್ಟವರು

ಎಪ್ಪತ್ತರ ದಶಕದಲ್ಲಿ ನಾನು ತರೀಕೆರೆಗೆ ಸೊಸೆಯಾಗಿ ಬಂದಾಗ ನಮ್ಮ ಓಣಿಗೆಲ್ಲ ಒಂದೇ ನಲ್ಲಿ. ಆ ಬೆಳಗ್ಗೆಯೂ ಎಂದಿನಂತೆ ಹಾಲು ಕಾಯಿಸಿಟ್ಟು, ಹೊಸ್ತಿಲಿಗೆ ರಂಗೋಲಿಯೆಳೆದು, ತಾಮ್ರದ ಕೊಡ ಹಿಡಿದು ಹೋದೆ. ತುಂಬಿದ ಕೊಡ ಸೊಂಟಕ್ಕೇರಲು ಇನ್ನೊಬ್ಬರ ಕೈ ಬೇಕೇ ಬೇಕು. ಪಕ್ಕದ ಮನೆಯ ಗೌರಕ್ಕನಿಗೆ ನಾನು, ನನಗೆ ಗೌರಕ್ಕ. ಆ ಊರಿನಲ್ಲಿ ನನಗಿದ್ದ ಗೆಳತಿಯೂ ಅವರೊಬ್ಬರೇ.

"ಒಂಚೂರು ಕೈ ಕೊಡ್ರೀ ಗೌರಕ್ಕ" ಎಂದೆ. ಅವರು ಕೇಳಿಸದವರಂತೆ, ತಮ್ಮ ಕೊಡವನ್ನು ಅರ್ಧಕ್ಕೇ ತುಂಬಿಸಿ, ಯಾರ ಹಂಗೂ ಬೇಡವೆಂಬಂತೆ ಒಬ್ಬರೇ ಎತ್ತಿಕೊಂಡು ಹೊರಟುಹೋದರು.

ಕಾರಣ ತಿಳಿಸಿದವರು ಎದುರುಮನೆಯ ಶಾಂತಮ್ಮ. "ನಿನ್ನೆ ಎಲ್ರ ಮುಂದೆ ಗೌರಕ್ಕ ಕೈ ಕೊಟ್ರು ಅಂದ್ಬಿಟ್ಯಲ್ಲೇ! ಅವ್ರೇನು ದ್ರೋಹ ಮಾಡಿದ್ರು ನಿಂಗೆ?"

ಅಯ್ಯೋ, ನಾನಂದದ್ದು ಹೊಗಳಿ! ಸಂಡಿಗೆ ಇಡುವ ದಿನ ಅವರು ಬಿಸಿಲಲ್ಲಿ ನನ್ನೊಡನೆ ಕುಳಿತು ನೆರವಾದದ್ದನ್ನು ನೆನೆದು. ಕಾನ್ವೆಂಟಿನ ಸಿಸ್ಟರುಗಳು ನನ್ನ ಇಂಗ್ಲಿಷನ್ನು ತಿದ್ದಿ ತೀಡಿದ್ದರು. ಕನ್ನಡ ಪಾಪ, ತನ್ನಷ್ಟಕ್ಕೆ ಬೆಳೆದಿತ್ತು.

ನೀವೇ ಯೋಚಿಸಿ ನೋಡಿ: "ಕೈ ಕೊಡಿ" ಎಂದು ಕೇಳುವಾಗ ನೆರವಾಗಿದ್ದ ಮಾತು, "ಕೈ ಕೊಟ್ಟರು" ಎಂದು ಹೇಳುವಷ್ಟರಲ್ಲಿ ದ್ರೋಹವಾಗಿಬಿಡುತ್ತದೆ. ನಡುವೆ ಬದಲಾದದ್ದು ಕಾಲವೊಂದೇ. ಕರೆಂಟು ಕೈ ಕೊಡುತ್ತದೆ, ಕಡೂರಿನ ಬಸ್ಸು ಕೈ ಕೊಡುತ್ತದೆ; ಆದರೆ ಗುರುತಿಲ್ಲದ ದಾರಿಹೋಕನೊಬ್ಬ ನಮಗೆ ಕೈ ಕೊಡಲಾರ, ಏಕೆಂದರೆ ಅವನ ಮೇಲೆ ನಾವು ಯಾವ ಭಾರವನ್ನೂ ಹೊರಿಸಿರುವುದಿಲ್ಲ. ವಿಶ್ವಾಸಘಾತವೆಂಬ ಸಂಸ್ಕೃತದ ಪದದಲ್ಲಿ ಪೆಟ್ಟಿನ ಸದ್ದಿದೆ. ನಮ್ಮ ಮಾತಿನಲ್ಲಿರುವುದು ಎತ್ತಿದ ಕೊಡದಡಿಯಿಂದ ಸದ್ದಿಲ್ಲದೆ ಜಾರಿದ ಕೈ. ಆ ಕೈಯನ್ನು ಹಿಂದೆಗೆದವರನ್ನೂ ನಮ್ಮ ಭಾಷೆ "ಕೊಟ್ಟರು" ಎಂದೇ ಕರೆಯುತ್ತದೆ. ಒಂದಾನೊಂದು ಹೊತ್ತಿನಲ್ಲಿ ಅವರು ಕೊಟ್ಟಿದ್ದರೆಂಬುದನ್ನು ಅದು ಮರೆಯುವುದಿಲ್ಲ. ಬೈಗುಳದೊಳಗೂ ಉಪಕಾರವನ್ನು ಇಷ್ಟು ಜತನವಾಗಿ ಕಾದಿಟ್ಟ ಮಾತು, ನನ್ನ ಗೆಳತಿಯನ್ನು ಕಳೆಯಲಾರದೆಂಬ ಧೈರ್ಯ ನನಗೆ ಬಂತು.

ಸಂಜೆ ನಲ್ಲಿಯ ಬಳಿ ನಾನೇ ಮೊದಲು ಬಾಯಿಬಿಟ್ಟೆ. "ಗೌರಕ್ಕ, ಸಂಡಿಗೆಗೆ ಕೈ ಜೋಡಿಸಿದ್ರು ಅನ್ನೋಕೆ ಹೋಗಿ ಕೈ ಕೊಟ್ರು ಅಂದ್ಬಿಟ್ಟೆ ಕಣ್ರೀ."

ಅವರು ನನ್ನನ್ನೊಮ್ಮೆ ದಿಟ್ಟಿಸಿದರು. ಅರ್ಧ ತುಂಬಿದ್ದ ಕೊಡವನ್ನು ಮತ್ತೆ ನಲ್ಲಿಯಡಿಗೆ ಸರಿಸಿ, ಕಂಠದವರೆಗೂ ತುಂಬಿಸಿ, ಸೆರಗು ಸಿಕ್ಕಿಸಿಕೊಳ್ಳುತ್ತ ಅಂದರು:

"ಬಾರೇ ಕಾನ್ವೆಂಟಮ್ಮ, ಕೈ ಕೊಡು. ಆಮೇಲೆ ಕೈ ಕೊಟ್ಬಿಟ್ಟೀಯ, ಜೋಕೆ!"