ಉತ್ತಯ್ಯನ ಮೂರನೆಯ ಗುಂಡು

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಆಚೆಯ ಒಂದು ಊರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ಸಾರುತ್ತಿದ್ದದ್ದು ಉತ್ತಯ್ಯನ ಜೋಡುನಳಿಗೆ ಕೋವಿ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅದು ಕೊಡವರ ಹಿರಿಯರು ಹಾಕಿಕೊಟ್ಟ ಪದ್ಧತಿ. ನಲವತ್ತು ವರ್ಷದಲ್ಲಿ ಅವನ ಕೈ ಒಮ್ಮೆಯೂ ತಪ್ಪಿರಲಿಲ್ಲ. ಬಲಗಿವಿ ಕಿವುಡಾದದ್ದನ್ನೂ ಅವನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ.

ಅವನ ಮಗಳ ಮಗ ಪೊನ್ನಪ್ಪನಿಗೆ ಆರು ವರ್ಷ. ಹುಟ್ಟಿದಾಗಿನಿಂದ ವೃಷಣದ ಚೀಲದಲ್ಲಿ ನೀರು ತುಂಬಿ ಊತವಿತ್ತು. ಬೆಳಿಗ್ಗೆ ಸಣ್ಣದು, ಆಡಿ ಬಂದ ಸಂಜೆಗೆ ದೊಡ್ಡದು. ಅಜ್ಜಿ ಪೂವಮ್ಮ ಹರಳೆಲೆ ಬಿಸಿಮಾಡಿ ಕಟ್ಟಿದಳು, ಹರಕೆ ಹೊತ್ತಳು. ಊತ ಎರಡಕ್ಕೂ ಜಗ್ಗಲಿಲ್ಲ. ಮಡಿಕೇರಿಯ ಡಾಕ್ಟರು ನೋಡಿ, ಹೊಟ್ಟೆಯಿಂದ ಚೀಲಕ್ಕೆ ಇಳಿಯುವ ಸಣ್ಣ ದಾರಿಯೊಂದು ಹುಟ್ಟುವಾಗಲೇ ಮುಚ್ಚಬೇಕಿತ್ತು, ಮುಚ್ಚದೆ ಹಾಗೇ ಉಳಿದಿದೆ, ತೊಡೆಸಂದಿಯಲ್ಲಿ ಬೆರಳಗಲ ಕೊಯ್ದು ಅದನ್ನು ಕಟ್ಟಿದರಾಯಿತು ಅಂದರು. ಪೂವಮ್ಮನ ಕಿವಿಗೆ ಬಿದ್ದದ್ದು ಕೊಯ್ಯುವ ಮಾತೊಂದೇ. ಹೋರಿಗೆ ಮಾಡುವುದನ್ನೇ ಮಗುವಿಗೂ ಮಾಡುತ್ತಾರೆಂದು ಅವಳಿಗೆ ಜೀವವೇ ಹೋದಂತಾಯಿತು.

"ಹುಡುಗನಿಗೆ ಏನಾದ್ರೂ ಆದ್ರೆ ನನ್ನ ಮುಖ ನೋಡ್ಬೇಡಿ," ಅಂದಳು ಗಂಡನಿಗೆ.

ಕಾಡುಹಂದಿಗೆ ಹೆದರದ ಉತ್ತಯ್ಯ ಈ ಮಾತಿಗೆ ಹೆದರಿದ. ಎಲ್ಲ ಸರಿಹೋದರೆ ಬಸ್ಸಿಳಿದ ಕೂಡಲೇ ಒಂದು ಗುಂಡು ಹಾರಿಸುತ್ತೇನೆ, ಹುಡುಗ ಹೊಸದಾಗಿ ಹುಟ್ಟಿದ ಅಂತ ತಿಳಿದುಕೋ ಎಂದು ಮಾತು ಕೊಟ್ಟ. ಹೀಗಾಗಿ ಕೋವಿಯೂ ಆಸ್ಪತ್ರೆಗೆ ಹೋಗಿ, ಒಂಬತ್ತು ದಿನ ಹುಡುಗನ ಮಂಚದ ಕೆಳಗೆ ಮಲಗಿತು. ಗುಡಿಸುವ ಹೆಂಗಸು ದಿನಾ ಅದನ್ನು ಎತ್ತಿ ಬದಿಗಿಟ್ಟು, ನೆಲ ಗುಡಿಸಿ, ಮತ್ತೆ ಮಲಗಿಸುತ್ತಿದ್ದಳು.

ಹತ್ತನೆಯ ದಿನ ಅಜ್ಜ ಮೊಮ್ಮಗ ಊರ ತಿರುವಿನಲ್ಲಿ ಬಸ್ಸಿಳಿದರು. ಹೊಲಿಗೆ ಬಿಚ್ಚಿಯಾಗಿತ್ತು, ಊತದ ಸುಳಿವಿಲ್ಲ. ಉತ್ತಯ್ಯ ಆಕಾಶಕ್ಕೆ ಒಂದು ಹಾರಿಸಿದ. ಹುಡುಗ ಚಪ್ಪಾಳೆ ತಟ್ಟಿ, "ಇನ್ನೊಂದು, ಅಜ್ಜಯ್ಯ," ಅಂದ. ಅಷ್ಟು ನೋವುಂಡು ಬಂದ ಮಗು ಕೇಳಿದರೆ ಯಾರಿಗೆ ಇಲ್ಲವೆನ್ನಲು ಮನಸ್ಸು ಬರುತ್ತದೆ? ಹಾರಿಸಿದ. ಹಾರಿಸಿದ ಮೇಲೆ, ಎರಡೆಂದರೆ ಸಾವು ಎಂಬುದು ನೆನಪಾಯಿತು. ಇನ್ನೊಂದು ಸೇರಿಸಿದರೆ ಹಿಂದಿನ ಎರಡೂ ರದ್ದಾದಾವೆಂದು ಗಡಿಬಿಡಿಯಲ್ಲಿ ಮತ್ತೆ ತೋಟೆ ತುಂಬಿ ಮೂರನೆಯದನ್ನೂ ಬಿಟ್ಟ. ಮೂರಕ್ಕೆ ಆ ಸೀಮೆಯಲ್ಲಿ ಅರ್ಥವೇ ಇರಲಿಲ್ಲ. ಊರೇ ಒಂದು ಅರ್ಥ ಹುಡುಕಿಕೊಂಡಿತು: ಹುಡುಗ ತೀರಿಕೊಂಡ, ಆ ದುಃಖಕ್ಕೆ ಮುದುಕ ತನಗೇ ಗುಂಡು ಹೊಡೆದುಕೊಂಡ.

ಓಡಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಉತ್ತಯ್ಯ ಹುಡುಗನನ್ನು ಹೆಗಲ ಮೇಲೆ ಕೂರಿಸಿ ನಿಧಾನವಾಗಿ ಏರು ಹತ್ತಿದ. ಅಷ್ಟರಲ್ಲಿ ಅಂಗಳದ ತುಂಬ ಜನ. ನೆರೆಮನೆಯ ಹಿರಿಯ ಅಪ್ಪಯ್ಯ ಮುಂದೆ ನಿಂತು ಮಾವಿನಮರಕ್ಕೆ ಕೊಡಲಿ ಹಾಕಿಸುತ್ತಿದ್ದ. ನನ್ನ ಮರ ಯಾಕೆ ಕಡಿಸುತ್ತೀ ಎಂದು ಉತ್ತಯ್ಯ ರೇಗಿದ. ನಿಮ್ಮನ್ನು ಸುಡಲಿಕ್ಕೆ ಎಂದು ಅಪ್ಪಯ್ಯ ಮರ್ಯಾದೆಯಿಂದಲೇ ಹೇಳಿದ. ಹೇಳಿದ ಮೇಲೆ ಯಾರಿಗೆ ಹೇಳುತ್ತಿದ್ದೇನೆಂದು ನೋಡಿ ಅಲ್ಲೇ ಕುಸಿದು ಕೂತ.

ಪೂವಮ್ಮ ತಲೆ ಕೆದರಿಕೊಂಡು ಹೊರಗೆ ಬಂದಳು. ಹುಡುಗನನ್ನು ಇಳಿಸಿಕೊಂಡು ತಲೆಯಿಂದ ಕಾಲವರೆಗೆ ಸವರಿದಳು, ಕೆಳಗೆ ಬಿಟ್ಟಳು. ಆಮೇಲೆ ಎರಡೂ ಕೈಯಲ್ಲಿ ಗಂಡನ ಅಂಗಿ ಹಿಡಿದಳು.

"ಒಂಬತ್ತು ದಿನದ ಸಿಟ್ಟು ಕಟ್ಟಿಟ್ಕೊಂಡಿದ್ದೇನೆ. ನೀವು ಸತ್ತಿದ್ರೆ ಅದನ್ನ ಯಾರ ಮೇಲೆ ತೀರಿಸ್ಕೊಳ್ಲಿ?"

ಅಷ್ಟು ಹೇಳಿ, ಊರೆಲ್ಲ ನೋಡುತ್ತಿರುವಾಗಲೇ ಅವನ ಎದೆಗೆ ತಲೆಯಿಟ್ಟು ಅತ್ತಳು.